ಸೂಜಿ ಸರಿ, ಚೀಲದ ಕತೆ ಏನು?

ಎಚ್‌ಪಿಎಲ್‌ಸಿ ಲ್ಯಾಬಿಗೆ ಮೊದಲ ಸಲ ಹೋದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡೋದು ಆಟೋಸ್ಯಾಂಪ್ಲರನ್ನೇ. ಪಂಪು, ಕಾಲಮ್ಮು ಎಲ್ಲ ಡಬ್ಬಿಯೊಳಗೆ. ಸೂಜಿ ಮಾತ್ರ ಕಣ್ಣೆದುರು ಕೆಲಸ ಮಾಡುತ್ತೆ. ಸರದಿಯ ವಯಲ್‌ಗೆ ಹೋಗಿ, ಮುಚ್ಚಳ ಚುಚ್ಚಿ, 10 ಮೈಕ್ರೋಲೀಟರ್ ಎಳೆದು, ಹರಿಯುತ್ತಿರುವ ದ್ರಾವಣಕ್ಕೆ ಬಿಟ್ಟು, ಮೈ ತೊಳೆದುಕೊಂಡು ಮುಂದಿನದಕ್ಕೆ ಹೊರಡುತ್ತೆ. ಸಂಜೆ ನೂರು ವಯಲ್ ಇಟ್ಟು ರೂಮಿಗೆ ಹೋದರೆ ಬೆಳಿಗ್ಗೆಗೆ ರಿಸಲ್ಟ್ ರೆಡಿ. ಒಂದೇ ವಯಲ್‌ನಿಂದ ಮತ್ತೆ ಮತ್ತೆ ಎಳೆಸಿದರೂ ಬರುವ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಸಿರಿಂಜ್ ಹಿಡಿದು ಗುಳ್ಳೆ ಓಡಿಸ್ತಾ ಕೂತ ಕೈಗೆ ಅದರ ಬೆಲೆ ಗೊತ್ತು.

ಇದನ್ನು ನೋಡಿದ ಮೇಲೆ ಕಡಿಮೆ ಖರ್ಚಿನ ಆಟೋಸ್ಯಾಂಪ್ಲರ್ ಮಾಡೋಣ, ಎರಡು ಸ್ಟೆಪ್ಪರ್ ಮೋಟಾರು, ಒಂದು ಆರ್ಡುಯಿನೋ ಸಾಕು ಅನ್ನೋ ಪ್ರಾಜೆಕ್ಟ್ ಐಡಿಯಾ ಯಾರಿಗಾದ್ರೂ ಬಂದೇ ಬರುತ್ತೆ. ಮಾಡಿ, ಬೇಡ ಅನ್ನಲ್ಲ. ಆದರೆ ಕಡೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಬಂದ ನಮಗೆ ಒಂದು ತಕರಾರಿದೆ. ಆಗಲೇ ಕರಾರುವಾಕ್ಕಾಗಿರೋ ಹೆಜ್ಜೆಯನ್ನೇ ನಾವು ಇನ್ನಷ್ಟು ತಿದ್ದುತ್ತಿದ್ದೇವೆ. ತಪ್ಪು ನುಗ್ಗೋದು ಬೇರೆ ಬಾಗಿಲಿಂದ.

ಕಡ್ಲೆಬೀಜವನ್ನೇ ತಗೊಳ್ಳಿ. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಹುಟ್ಟಬಹುದು. ಯಕೃತ್ತಿನ ಕ್ಯಾನ್ಸರ್ ತರುವ ವಿಷ ಅದು. ಅಳೆಯೋದು ಇದೇ ಎಚ್‌ಪಿಎಲ್‌ಸಿಯಲ್ಲಿ, ಫ್ಲೋರೆಸೆನ್ಸ್ ಡಿಟೆಕ್ಟರ್ ಹಾಕಿ. ಮುಂದೆ ಸಂಸ್ಕರಿಸುವ ಬೀಜಕ್ಕೆ ನಮ್ಮ ದೇಶದ ಮಿತಿ ಕೆ.ಜಿ.ಗೆ 15 ಮೈಕ್ರೋಗ್ರಾಂ. ತರೀಕೆರೆಯವರು ಕೇಳಿಸ್ಕೊಳ್ಳಿ, ಅಡಿಕೆಗೂ ಅದೇ 15. (ಅಜ್ಜಂಪುರದ ಈರುಳ್ಳಿ ಈ ಲೆಕ್ಕಕ್ಕೆ ಬರಲ್ಲ, ಬೇಜಾರ್ ಮಾಡ್ಕೋಬೇಡಿ.)

ತೊಂದರೆ ಏನಂದ್ರೆ, ಈ ವಿಷ ಚೀಲದ ತುಂಬ ಒಂದೇ ಸಮ ಹರಡಿರಲ್ಲ. ಒಂದೊಂದೇ ಬೀಜ ಹಿಡಿದು ಅಳೆದವರಿಗೆ ಕೆ.ಜಿ.ಗೆ 10 ಲಕ್ಷ ಮೈಕ್ರೋಗ್ರಾಂ ಮೀರಿದ ಬೀಜ ಸಿಕ್ಕಿದ್ದು 1966ರಲ್ಲೇ ವರದಿಯಾಗಿದೆ. ಅಂಥ ಒಂದು ಬೀಜ ಅರ್ಧ ಗ್ರಾಂ ತೂಗಿದರೆ ಅದರೊಳಗೆ 500 ಮೈಕ್ರೋಗ್ರಾಂ ವಿಷ. ಉಳಿದ 33 ಕೆ.ಜಿ. ಬೀಜ ಪೂರ್ತಿ ಶುದ್ಧವಾಗಿದ್ರೂ ಚೀಲದ ಸರಾಸರಿ 15ಕ್ಕೆ ಬಂದು ನಿಲ್ಲುತ್ತೆ. ಒಂದೇ ಒಂದು ಬೀಜದಿಂದ!

ಈಗ ಆ ಚೀಲದಿಂದ ಒಂದು ಹಿಡಿ, 25 ಗ್ರಾಂ, ಅಂದ್ರೆ ಸುಮಾರು 50 ಬೀಜ ತೆಗೆದು ಲ್ಯಾಬಿಗೆ ಕೊಟ್ರು ಅಂದ್ಕೊಳ್ಳಿ. ಚೀಲದಲ್ಲಿರೋದು 66,000 ಬೀಜ. ಆ ಕೆಟ್ಟ ಬೀಜ ಕೈಗೆ ಬರೋದು 1,300 ಸಲಕ್ಕೆ ಒಂದು ಸಲ. ಬರದಿದ್ರೆ ರಿಪೋರ್ಟಲ್ಲಿ ಸೊನ್ನೆ. ಬಂದ್ರೆ 20,000. ಚೀಲದ ನಿಜ 15, ಅದು ಎಲ್ಲೂ ಕಾಣಲ್ಲ. ಸೂಜಿ ಮಾತ್ರ ಸೊನ್ನೆಯನ್ನೋ 20,000ವನ್ನೋ ಆರು ಸಲ ಇಂಜೆಕ್ಟ್ ಮಾಡಿ, ಆರು ಸಲವೂ ಹಾಗೇ ತೋರಿಸುತ್ತೆ. ನಾವು ಆ ಚೆಂದದ ಪೀಕುಗಳನ್ನು ನೋಡಿ ನಂಬ್ತೀವಿ. ಒಂದು ಕಡೆ ತಿನ್ನೋರಿಗೆ ವಿಷ, ಇನ್ನೊಂದು ಕಡೆ ಬೆಳೆದವರ ಇಡೀ ಲೋಡು ವಾಪಸ್.

ಯುರೋಪಿನವರ ನಿಯಮದಲ್ಲಿ ಕಡ್ಲೆಬೀಜದ ದೊಡ್ಡ ಲಾಟಿಗೆ ನೂರು ಜಾಗದಿಂದ ತೆಗೆದು 20 ಕೆ.ಜಿ. ಸ್ಯಾಂಪಲ್ ಕೂಡಿಸಬೇಕು. ಅದನ್ನು ನುಣ್ಣಗೆ ಅರೆದು, ಚೆನ್ನಾಗಿ ಕಲಸಿದ ಮೇಲೇ ಸಣ್ಣ ಪಾಲು ತೂಗೋದು. ಕೇಳೋಕೆ ಸುಲಭ. ಸೆಕೆ, ಧೂಳು, ಲಾರಿ ಖಾಲಿ ಮಾಡೋ ಅವಸರದ ನಡುವೆ ನೂರು ಸಲ ಚುಚ್ಚಿ ತೆಗೆಯೋರು ಯಾರು? ಕೈಗೆ ಸಿಕ್ಕ ಮೇಲಿನ ನಾಲ್ಕು ಚೀಲಕ್ಕೆ ಕೆಲಸ ಮುಗಿಯೋ ಅಪಾಯ ಇದ್ದೇ ಇದೆ. ಬೇಸರವಿಲ್ಲದೆ ಒಂದೇ ಕೆಲಸ ನೂರು ಸಲ ಮಾಡೋಕೆ ಮೋಟಾರು ಬೇಕಾಗಿರೋದು ಇಲ್ಲೇ.

ಆದ್ದರಿಂದ ಮೆಕ್ಯಾನಿಕಲ್, ಇ ಅಂಡ್ ಸಿ ಗೆಳೆಯರಿಗೆ ನಮ್ಮ ಕೋರಿಕೆ: ಈ ಸಲದ ಫೈನಲ್ ಇಯರ್ ಪ್ರಾಜೆಕ್ಟಿಗೆ ವಯಲ್ ಬಿಟ್ಟು ಗೋಣಿಚೀಲ ಹಿಡೀರಿ. ಚೀಲದ ತಳದವರೆಗೂ ಇಳಿದು ಬೇರೆ ಬೇರೆ ಆಳದಿಂದ ಕಾಳು ತೆಗೆಯೋ ಕೊಳವೆ, ತೆಗೆದದ್ದನ್ನು ಸಮನಾಗಿ ಪಾಲು ಮಾಡೋ ಪೆಟ್ಟಿಗೆ, ಯಾವ ಚೀಲ, ಎಷ್ಟನೇ ಸಲ ಅಂತ ಬರೆದಿಡೋ ಪುಟ್ಟ ಬೋರ್ಡು. ಕಾಳು ಒಡೀಬಾರದು, ಚೀಲ ಹರಿದುಹೋಗಬಾರದು, ಇಬ್ಬರು ಎತ್ತಿಕೊಂಡು ಹೋಗೋ ಹಾಗಿರಬೇಕು. ಡಿಸೈನ್ ಅಷ್ಟು ಸಲೀಸಲ್ಲ, ವೈವಾದಲ್ಲಿ ಮಾತಾಡೋಕೆ ಬೇಕಾದಷ್ಟಿದೆ. ಟೆಸ್ಟ್ ಮಾಡೋಕೆ ಚೀಲ ನಾವು ಊರಿಂದ ತರ್ತೀವಿ.