ಹನ್ನೆರಡು ಮಂದಿ ಕರೆದುಕೊಂಡು ಹೋಗಿ ಒಂಬತ್ತೇ ಮಂದಿಯನ್ನು ಆಡಿಸುವುದು ಸರಿಯೇ?



ಹೋದ ಸಲ ಇದೇ ಗೋಡೆ ಪತ್ರಿಕೆಯಲ್ಲಿ ನಮ್ಮ ಶಾಲೆಯ ಹುಡುಗಿಯರ ಖೋ ಖೋ ತಂಡದ ಹೆಸರು ಹಚ್ಚಿದ್ದರು. ಒಟ್ಟು ಹನ್ನೆರಡು ಹೆಸರು. ಮೊದಲಿನ ಒಂಬತ್ತು ಹೆಸರಿನ ಮುಂದೆ ಏನೂ ಇರಲಿಲ್ಲ. ಕಡೀಕಿನ ಮೂರು ಹೆಸರಿನ ಮುಂದೆ ಮಾತ್ರ ‘ಎಕ್ಸ್ಟ್ರಾ’ ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಆ ಕೆಂಪು ಶಾಯಿಯ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕಂತ ಈ ಲೇಖನ ಬರೆಯುತ್ತಿದ್ದೇನೆ. ಯಾರ ಮೇಲೂ ಸಿಟ್ಟಿಲ್ಲ. ಆದರೆ ವಿಚಾರ ಮಾಡುವ ಮಾತು ಐತಿ.

ಶನಿವಾರ ರವಿವಾರ ಎರಡು ದಿನದ ಪಂದ್ಯಾವಳಿಗೆ ತಂಡ ಹೋಗುತ್ತದೆ. ಒಂಬತ್ತು ಮಂದಿ ಆಡುತ್ತಾರೆ, ಮೂರು ಮಂದಿ ಎರಡೂ ದಿನ ಗೀಟಿನ ಹೊರಗೆ ಕುಂತು ನೀರಿನ ಕ್ಯಾನು, ಚಪ್ಪಲಿ, ಚೀಲ ಕಾಯುತ್ತಾರೆ. “ಅವರಿಗೂ ಆಡಾಕ ಕೊಡ್ರಿ ಸರ್” ಅಂದರೆ, “ಗೆಲ್ಲೂದು ಬ್ಯಾಡೇನು?” ಅಂತ ತಿರುಗಿ ಕೇಳುತ್ತಾರೆ. ನನ್ನ ಮಾತು ಇಷ್ಟ. ಗೆಲ್ಲಬೇಕಂತನ ಎಲ್ಲರನ್ನೂ ಆಡಿಸಬೇಕು.

ಲೆಕ್ಕ ಹಾಕಿ ನೋಡೋಣ. ಖೋ ಖೋದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಮಂದಿ ಕಣದಲ್ಲಿರುತ್ತಾರೆ. ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂಡುತ್ತಾರೆ. ಒಂಬತ್ತನೆಯಾಕಿ ಬೆನ್ನು ಹತ್ತುತ್ತಾಳೆ. ಎದುರಿನವರು ಮೂರು ಮೂರು ಮಂದಿ ಬ್ಯಾಚ್ ಮಾಡಿಕೊಂಡು ಓಡಲು ಇಳಿಯುತ್ತಾರೆ. ನಮ್ಮ ವಯಸ್ಸಿನವರಿಗೆ ಒಂದು ಪಾಳಿ 9 ನಿಮಿಷ, ಸಣ್ಣವರಿಗೆ 7 ನಿಮಿಷ. ಒಂದು ಪಂದ್ಯಕ್ಕೆ ನಾಲ್ಕು ಪಾಳಿ, ಎರಡು ಬೆನ್ನಟ್ಟಲು, ಎರಡು ಓಡಲು. ಪೂರ್ತಿ ನಡೆದರೆ 36 ನಿಮಿಷ ಆಯಿತು. ಶನಿವಾರ ಮೂರು ಪಂದ್ಯ ಬಂದರೆ 108 ನಿಮಿಷ. (ಗಣಿತದ ಸರ್ ಬೇಕಾದರೆ ತಾಳೆ ನೋಡಲಿ.) ಅದೂ ನಮ್ಮ ಕಡೆಯ ಎರಿ ಮಣ್ಣಿನ ಮೈದಾನದಲ್ಲಿ. ಶಾಲೆಯ ಆಟಗಳು ಬರುವುದೇ ಮಳೆಗಾಲದಾಗ. ಹಸಿ ಇದ್ದರೆ ಕಾಲಿಗೆ ಮಣ್ಣು ಮೆತ್ತಿಕೊಂಡು ಒಂದೊಂದು ಹೆಜ್ಜೆ ಒಂದೊಂದು ಕಲ್ಲು ಎತ್ತಿದಂಗ ಆಗುತ್ತದೆ. ಒಣಗಿದರೆ ಹೆಂಟಿ ಚುಚ್ಚುತ್ತದೆ. ಹಿಂಗ ಒಂದು ದಿನ ಪೂರಾ ಓಡಿದ ಕಾಲು ರವಿವಾರ ಮುಂಜಾನೆ ಹೆಂಗ ಓಡಬೇಕು?

ಇದನ್ನು ನಾನು ಕಣ್ಣಾರೆ ಕಂಡೀನಿ. ಹೋದ ವರ್ಷ ಒಂದು ಪಂದ್ಯಾವಳಿ ನೋಡಲು ಅಣ್ಣನ ಜೋಡಿ ಹೋಗಿದ್ದೆ. ಒಂದು ಊರಿನ ತಂಡ (ಹೆಸರು ಬ್ಯಾಡ) ಶನಿವಾರ ಯಾರ ಕೈಗೂ ಸಿಗಲಿಲ್ಲ. ಅವರ ಮೊದಲನೆಯ ಬ್ಯಾಚಿನ ಮೂವರು ಹುಡುಗಿಯರು ಎಷ್ಟು ಚಂದ ಓಡಿದರಂದರೆ, ಮೂರನೆಯ ಬ್ಯಾಚಿನವರಿಗೆ ಓಡುವ ಸರದಿಯೇ ಹೆಚ್ಚು ಬರಲಿಲ್ಲ. ಅವರ ಸರ್ ಪ್ರತಿ ಪಂದ್ಯಕ್ಕೂ ಅದೇ ಮೂವರನ್ನು ಮೊದಲು ಇಳಿಸಿದರು. ಮಧ್ಯಾಹ್ನ ಮಿರ್ಚಿ ಭಜಿ, ಗಿರ್ಮಿಟ್ ತಿನ್ನಿಸಿ ಮತ್ತೆ ಓಡಿಸಿದರು. (ಬಾಳೆಹಣ್ಣು ಕೊಟ್ಟಿದ್ದರೆ ಆ ಹುಡುಗಿಯರು ಹೊಟ್ಟಿ ಹಿಡಕೊಂಡು ಕೂಡುತ್ತಿರಲಿಲ್ಲ. ಅದು ಬೇರೆ ಮಾತು.) ರವಿವಾರ ಫೈನಲ್‌ನಲ್ಲಿ ಆ ಮೂವರಲ್ಲಿ ಒಬ್ಬಾಕಿಗೆ ಮೀನಖಂಡ ಹಿಡಿಯಿತು. ಕಂಬದ ಹತ್ತಿರ ಕುಸಿದು ಕುಂತಳು. “ಏಳs, ನಾಟಕ ಮಾಡಬ್ಯಾಡ!” ಅಂತ ಹೊರಗಿಂದ ಕೂಗಿದರು. ಮೊದಲ ಬ್ಯಾಚ್ ಲಗೂನ ಔಟಾಯಿತು. ಆಮೇಲೆ ಮೂರನೆಯ ಬ್ಯಾಚಿನವರು ಇಳಿದರು. ಎರಡು ದಿನದಲ್ಲಿ ಸರಿಯಾಗಿ ಓಡಿಯೇ ಇರದವರನ್ನು ಫೈನಲ್‌ನಲ್ಲಿ ಒಮ್ಮೆಲೇ ಸಾವಿರ ಮಂದಿಯ ಮುಂದೆ ನಿಲ್ಲಿಸಿದರೆ ಏನಾಗುತ್ತದೆ? ಅದೇ ಆಯಿತು. ಸೋತರು.

ಸೋತದ್ದು ದೊಡ್ಡ ಮಾತಲ್ಲ. ಆ ತಂಡದ ‘ಎಕ್ಸ್ಟ್ರಾ’ ಹುಡುಗಿಯೊಬ್ಬಳ ಅವ್ವ ಅಲ್ಲೇ ಇದ್ದರು. ಹೊಲದ ಕೆಲಸ ಬಿಟ್ಟು ಬಂದಿದ್ದರು. ಹೋಗುವಾಗ ಮಗಳಿಗೆ, “ಚಪ್ಪಲಿ ಕಾಯಾಕ ಎರಡು ದಿನ ಸಾಲಿ ಮಂದಿ ಕೂಡ ತಿರುಗಬೇಕೇನ? ನಾಳಿಂದ ಆಟ ಬ್ಯಾಡ” ಅಂದದ್ದು ನನ್ನ ಕಿವಿಗೆ ಬಿತ್ತು. ಈ ವರ್ಷ ಆ ಊರಿಂದ ಹುಡುಗಿಯರ ತಂಡವೇ ಬರಲಿಲ್ಲ. ಕಾರಣ ಅದೊಂದೇ ಅಂತ ನಾನು ಹೇಳುವುದಿಲ್ಲ. ಆದರೆ ಹುಡುಗರ ಹಂಗ ನಮ್ಮನ್ನು ಮನೆಯಲ್ಲಿ ಸುಮ್ಮನೆ ಕಳಿಸುವುದಿಲ್ಲ. ಒಬ್ಬೊಬ್ಬಾಕಿ ಅಪ್ಪನ ಮುಂದೆ, ಅಜ್ಜಿಯ ಮುಂದೆ ಅತ್ತು ಕರೆದು ಬರುತ್ತಾಳೆ. ಬಂದು ಆಡದೆ ಹೋದರೆ ಮುಂದಿನ ಸಲ ಕೇಳಲು ಬಾಯಿ ಇರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಹನ್ನೆರಡರಲ್ಲಿ ನಾಲ್ಕು ಮಂದಿ ಬಿಟ್ಟರೆ ಉಳಿದ ಎಂಟು ಮಂದಿಯಿಂದ ಕಣ ತುಂಬುವುದಿಲ್ಲ!

ಇನ್ನು ಬ್ಯಾಸ್ಕೆಟ್‌ಬಾಲ್ ಬಗ್ಗೆ ಒಂದು ವಿಷಯ. ಆ ಆಟವನ್ನು 1891ರ ಡಿಸೆಂಬರ್‌ನಲ್ಲಿ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬುವವರು ಕಂಡುಹಿಡಿದರು. ಅವರೂ ನಮ್ಮ ಪಿ.ಟಿ. ಸರ್ ಹಂಗ ದೈಹಿಕ ಶಿಕ್ಷಕರು. ಚಳಿಗಾಲದಲ್ಲಿ ಹುಡುಗರನ್ನು ಒಳಗೇ ಆಡಿಸಬೇಕಾಗಿತ್ತು. ಹಣ್ಣಿನ ಬುಟ್ಟಿ ಎರಡು ಕಡೆ ಮೇಲೆ ಕಟ್ಟಿಸಿದರು. ಈಗ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಕಡೆ ಐದೇ ಮಂದಿ ಆಡುತ್ತಾರೆ. ಆದರೆ ಅವತ್ತು ಒಂದು ಕಡೆ ಒಂಬತ್ತು ಮಂದಿ ಆಡಿದರು. ಯಾಕಂದರೆ ಅವರ ಕ್ಲಾಸಿನಲ್ಲಿ ಇದ್ದದ್ದು 18 ಹುಡುಗರು. ಒಬ್ಬರೂ ಹೊರಗೆ ಕೂಡಲಿಲ್ಲ. ನನಗೆ ಇದು ಬಹಳ ಹಿಡಿಸಿತು.

“ತಾಲೂಕಾ ಮಟ್ಟದಲ್ಲಿ ಒಂದು ಪಂದ್ಯ ಸೋತರೆ ಮನೆಗೆ ಬರಬೇಕು, ಜಿಲ್ಲೆಗೆ ಹೋಗುವುದು ಹೆಂಗ?” ಅಂತ ಕೇಳುವವರ ಮಾತು ಸುಳ್ಳಲ್ಲ. ನರಗುಂದದಲ್ಲಿ ಗೆದ್ದರೆ ಗದಗಕ್ಕೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ದಾರಿ ಐತಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲನೆಯ ಖೋ ಖೋ ವಿಶ್ವಕಪ್ ಆಯಿತು. ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಅವರು ಮೈಸೂರು ಜಿಲ್ಲೆ ಟಿ. ನರಸೀಪುರ ತಾಲೂಕಿನ ಕುರುಬೂರು ಎಂಬ ಹಳ್ಳಿಯವರು. ಆದ್ದರಿಂದ ಗೆಲುವು ಬ್ಯಾಡ ಅಂತ ನಾನು ಹೇಳುವುದೇ ಇಲ್ಲ. ಫೈನಲ್‌ನಲ್ಲಿ ಚಲೋ ಆಡುವ ಒಂಬತ್ತು ಮಂದಿಯನ್ನೇ ಇಳಿಸಲಿ. ಆದರೆ ಅದರ ಹಿಂದಿನ ಪಂದ್ಯಗಳು ಇರುತ್ತವಲ್ಲ?

ನನ್ನ ಸಲಹೆಗಳು ದೊಡ್ಡವೇನೂ ಅಲ್ಲ. ಶನಿವಾರದ ಮೊದಲ ಪಂದ್ಯಕ್ಕೆ ಹೆಸರು ಬರೆಸುವಾಗಲೇ ಮೂವರು ‘ಎಕ್ಸ್ಟ್ರಾ’ಗಳನ್ನೂ ಸೇರಿಸಬೇಕು. ಬಹಳ ಓಡಿದ ಮೂವರು ಆ ಹೊತ್ತು ಕಾಲು ಚಾಚಿ ಕೂಡಲಿ, ಅವರೇ ಚಪ್ಪಲಿ ಕಾಯಲಿ. ಬೆನ್ನಟ್ಟುವಾಗ ಕಂಬದ ಹತ್ತಿರದ ಮನೆಯಲ್ಲಿ ಡೈವ್ ಹೊಡೆಯುವವರು ಬೇಕು, ಒಪ್ಪುತ್ತೇನೆ. ಹೊಸಬರನ್ನು ನಡುವಿನ ಮನೆಗಳಲ್ಲಿ ಕೂಡಿಸಬಹುದು. ಖೋ ಕೇಳಿದ ಕೂಡಲೇ ಏಳುವುದು, ಪಕ್ಕದ ಮನೆಯಾಕಿಗೆ ಸರಿಯಾಗಿ ಖೋ ಕೊಡುವುದು ಅಲ್ಲಿಯೇ ಕಲಿಯುತ್ತದೆ. ಓಡುವ ಸರದಿಯನ್ನೂ ಪಂದ್ಯ ಪಂದ್ಯಕ್ಕೆ ಬದಲಿಸಬೇಕು. ಒಂದರಲ್ಲಿ ಮೂರನೆಯ ಬ್ಯಾಚ್ ಮೊದಲು ಇಳಿಯಲಿ. ನಾಲ್ಕು ಪಾಯಿಂಟ್ ಹೋದರೆ ಹೋಗಲಿ, ಉಳಿದವರು ತರುತ್ತಾರೆ.

ಇನ್ನೊಂದು ಮಾತು, ಹೇಳಲು ಅಂಜಿಕೆ ಆಗುತ್ತದೆ. ಆಟ ನಡೆದಾಗ ಹೊರಗಿನಿಂದ ಸರ್ ಒಂದು ಹೇಳುತ್ತಾರೆ, ಊರ ಹಿರಿಯರು ಒಂದು ಹೇಳುತ್ತಾರೆ, ಹುಡುಗರು ಒಂದು ಕೂಗುತ್ತಾರೆ. ಕಣದೊಳಗಿದ್ದಾಕಿಗೆ ತನ್ನ ಗೆಳತಿಯ ಖೋ ಕೇಳಿಸುವುದಿಲ್ಲ. ಪಾಳಿಯ ನಡುವೆ ವಿಶ್ರಾಂತಿ ಇರುತ್ತದೆ, ಹೇಳುವುದನ್ನು ಆಗ ಹೇಳಿದರೆ ತಲೆಯಲ್ಲಿ ಕೂಡುತ್ತದೆ.

ಬರುವ ಪಂದ್ಯಾವಳಿಗೆ ಹೋಗುವ ಮುಂಚೆ ಇದೇ ಗೋಡೆಯ ಮೇಲೆ ಒಂದು ಹಾಳೆ ಹಚ್ಚಬೇಕೆಂದು ಪಿ.ಟಿ. ಸರ್ ಅವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಎಡಕ್ಕೆ ಹನ್ನೆರಡು ಹೆಸರು, ಮೇಲೆ ಪಂದ್ಯಗಳು, ಯಾರು ಯಾವ ಪಂದ್ಯದಲ್ಲಿ ಎಷ್ಟು ಪಾಳಿ ಆಡುತ್ತಾರೆಂದು ಒಳಗೆ ಅಂಕಿ. ಹಾಳೆಗೆ ಗೀಟು ಹೊಡೆದು, ಹೆಸರು ಬರೆದು ನಾನು ತಯಾರು ಮಾಡಿ ಕೊಡುತ್ತೇನೆ. ಎಲ್ಲಾ ಒಂದೇ ಶಾಯಿಯಲ್ಲಿ.

– ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿ, ಕೊಣ್ಣೂರು