ಗೋಡೆಗೆ ಚುಚ್ಚಿದ ಆ ಇನ್ನೊಂದು ವೈರು

ಒಂದು ನರ್ಸಿಂಗ್ ಹೋಮ್‌ನಲ್ಲಿ ಇಡೀ ಬೆಳಗ್ಗೆ ಫೋನುಗಳೆಲ್ಲ ಸತ್ತುಹೋಗಿದ್ದವು. ವಾರ್ಡಿನಿಂದ ಡಾಕ್ಟರ್ ರೂಮಿಗೂ ಕರೆ ಹೋಗ್ತಿರಲಿಲ್ಲ. ಕಾರಣ? ಕಸ ಗುಡಿಸುವಾಗ ನೇತಾಡುತ್ತಿದ್ದ ವೈರನ್ನು ಆಯಾ ಒಬ್ಬರು ಅಚ್ಚುಕಟ್ಟಾಗಿ ಗೋಡೆಯ ಸಾಕೆಟ್‌ಗೆ ಚುಚ್ಚಿದ್ದರು. ಬೈಗುಳ ಬಿದ್ದಿದ್ದು ಅವರಿಗೆ. ನಾನು ಹೇಳಿದೆ: ತಪ್ಪು ಅವರದ್ದಲ್ಲ, ಸ್ವಿಚ್ಚಿನ ಸೆಟ್ಟಿಂಗ್‌ದು.

ಐಪಿ ಫೋನಿಗೆ ಎರಡು ಕಿಂಡಿ. ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರ್‌ಗೆ. ಎರಡೂ ಗೋಡೆಗೇ ಹೋದರೆ ಲೂಪ್. ಈಥರ್‌ನೆಟ್ ಫ್ರೇಮ್‌ಗೆ ಆಯಸ್ಸು ಅಂತ ಇಲ್ಲ. ಬ್ರಾಡ್‌ಕಾಸ್ಟ್ ಸುತ್ತುತ್ತಲೇ ಇರುತ್ತೆ, ಸುತ್ತಿದಷ್ಟೂ ಹೆಚ್ಚುತ್ತೆ. ಕ್ಷಣದಲ್ಲಿ ನೆಟ್‌ವರ್ಕ್ ಮಲಗಿಬಿಡುತ್ತೆ.

ಇದಕ್ಕೆ ಮದ್ದು ಹಳೆಯದೇ. 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ಸ್ವಿಚ್ಚುಗಳು ಬಿಪಿಡಿಯು ಎಂಬ ಸಂದೇಶ ಹಂಚಿಕೊಂಡು, ಒಂದನ್ನು ರೂಟ್ ಮಾಡಿಕೊಂಡು, ಹೆಚ್ಚುವರಿ ದಾರಿ ಮುಚ್ಚುತ್ತವೆ. ಎಲ್ಲದರ ಪ್ರಯಾರಿಟಿಯೂ 32768ರಲ್ಲೇ ಬಿಟ್ಟರೆ, ಮೂಲೆಯ ಹಳೇ ಸ್ವಿಚ್ಚೇ ಯಜಮಾನ ಆಗಿಬಿಡಬಹುದು. ಮುಖ್ಯ ಸ್ವಿಚ್ಚಿಗೆ 4096 ಕೊಡಿ.

ಹಳೇ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ತೆರೆಯೋಕೆ 30 ಸೆಕೆಂಡ್ ಬೇಕು. ಅಷ್ಟರಲ್ಲಿ ಫೋನು ಐಪಿ ವಿಳಾಸ ಕೇಳಿ ಕೇಳಿ ಸುಸ್ತು. ಹಾಗಾಗಿ ಆರ್‌ಎಸ್‌ಟಿಪಿ ಹಾಕಿ, ಫೋನಿನ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಮಾಡಿ, ಜೊತೆಗೆ ಬಿಪಿಡಿಯು ಗಾರ್ಡ್ ಕೊಡಿ. ತನ್ನದೇ ಸಂದೇಶ ವಾಪಸ್ ಬಂದರೆ ಸ್ವಿಚ್ಚು ಆ ಪೋರ್ಟನ್ನೇ ಬಂದ್ ಮಾಡುತ್ತೆ. ಒಂದು ಫೋನು ಹೋಗುತ್ತೆ, ಆಸ್ಪತ್ರೆ ಉಳಿಯುತ್ತೆ. ಕೆಲವು ಫೋನುಗಳು ಬಿಪಿಡಿಯು ನುಂಗಿಬಿಡುತ್ತವೆ. ಅದಕ್ಕೇ ಲೂಪ್ ಪ್ರೊಟೆಕ್ಷನ್, ಸ್ಟಾರ್ಮ್ ಕಂಟ್ರೋಲ್ ಇದ್ದರೆ ಅವನ್ನೂ ಆನ್ ಮಾಡಿ.

ಇನ್ನು ಮಾತಿನ ವಿಷಯ. ಈಮೇಲ್ ಎರಡು ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗಲ್ಲ. ಮಾತು ಹಾಗಲ್ಲ. ಸಾಮಾನ್ಯವಾಗಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲೂ ಸೆಕೆಂಡಿಗೆ 50 ಪ್ಯಾಕೆಟ್ ಹೋಗುತ್ತವೆ. 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಸಲೀಸು. ಯಾರೋ ಸ್ಕ್ಯಾನ್ ಫೈಲ್ ಕಳಿಸುವಾಗ ಇವೂ ಅದೇ ಸಾಲಲ್ಲಿ ನಿಂತರೆ "ಹಲೋ, ಹಲೋ, ಕೇಳಿಸ್ತಿಲ್ಲ" ಶುರು.

ಅದಕ್ಕೆ ವಾಯ್ಸ್ ವಿ-ಲ್ಯಾನ್. ವೈರು ಒಂದೇ; ಫೋನಿನ ಟ್ರಾಫಿಕ್ ಒಂದರಲ್ಲಿ, ಹಿಂದಿನ ಕಂಪ್ಯೂಟರಿನದ್ದು ಇನ್ನೊಂದರಲ್ಲಿ. ಎಲ್‌ಎಲ್‌ಡಿಪಿ-ಮೆಡ್ ಆನ್ ಇದ್ದರೆ ಯಾವ ವಿ-ಲ್ಯಾನ್ ಅಂತ ಸ್ವಿಚ್ಚೇ ಫೋನಿಗೆ ತಿಳಿಸುತ್ತೆ. ಆದರೆ ಬೇರೆ ಮಾಡಿದ ಮಾತ್ರಕ್ಕೆ ಆದ್ಯತೆ ಸಿಗಲ್ಲ. ಧ್ವನಿಗೆ ಡಿಎಸ್‌ಸಿಪಿ 46ರ ಗುರುತು ಇರುತ್ತೆ. ಅದನ್ನು ನಂಬಿ ಮುಂದೆ ಬಿಡು ಅಂತ ಕ್ಯೂಒಎಸ್‌ನಲ್ಲೂ ಹೇಳಬೇಕು. ಆಂಬುಲೆನ್ಸ್‌ಗೆ ಸೈರನ್ ಇದ್ದರೆ ಸಾಕೇ? ದಾರಿ ಬಿಡೋರೂ ಬೇಕಲ್ಲ!

ಎಲ್ಲ ಮುಗಿದ ಮೇಲೆ, ಕೆಲಸವಿಲ್ಲದ ಹೊತ್ತಲ್ಲಿ, ಬೇಕಂತಲೇ ಒಂದು ಲೂಪ್ ಮಾಡಿ ನೋಡಿ. ಆ ಪೋರ್ಟ್ ಮಾತ್ರ ಬಂದ್ ಆದರೆ ಪಾಸ್. ಆಮೇಲೆ ಕಾನ್ಫಿಗ್ ಸೇವ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!