ಮಿದುಳಿನ ನಳಿಕೆಗೆ ಎಷ್ಟು ಕೈ ತಾಗಬೇಕು?

ನ್ಯೂರೊ ಐಸಿಯುವಿನಲ್ಲಿ ಮಲಗಿರುವ ರೋಗಿಯ ತಲೆಯಿಂದ ಹೊರಟ ತೆಳು ನಳಿಕೆಯೊಂದು ಪಕ್ಕದ ಸ್ಟ್ಯಾಂಡಿನಲ್ಲಿರುವ ಚೇಂಬರಿಗೆ ಹನಿಹನಿಯಾಗಿ ದ್ರವ ಇಳಿಸುತ್ತಿರುತ್ತದೆ. ಅದರ ಎತ್ತರವನ್ನು ನರ್ಸ್ ರೋಗಿಯ ಕಿವಿಯ ಮಟ್ಟ ನೋಡಿ ಹೊಂದಿಸುತ್ತಾರೆ. ಚೇಂಬರ್ ಕೆಳಗೆ ಜಾರಿದರೆ ದ್ರವ ಬೇಕಾದ್ದಕ್ಕಿಂತ ಹೆಚ್ಚು ಹರಿದುಹೋಗುತ್ತದೆ. ವಯಸ್ಕರ ಮಿದುಳು, ಬೆನ್ನುಹುರಿಗಳ ಸುತ್ತ ಯಾವ ಹೊತ್ತಿಗೂ ಇರುವ ದ್ರವ ಸುಮಾರು 150 ಮಿ.ಲೀ.; ದಿನಕ್ಕೆ ಹೊಸದಾಗಿ ಉತ್ಪತ್ತಿಯಾಗುವುದು ಸುಮಾರು 500 ಮಿ.ಲೀ. ರಕ್ತಸ್ರಾವವೋ ಗಡ್ಡೆಯೋ ಅದರ ದಾರಿ ಮುಚ್ಚಿದರೆ ಗಂಟೆಗಳಲ್ಲೇ ಜೀವಕ್ಕೆ ಕುತ್ತು. ವೈದ್ಯರು ಇವಿಡಿ ಎಂದು ಕರೆಯುವ ಈ ನಳಿಕೆ ಆಗ ಪ್ರಾಣ ಉಳಿಸುತ್ತದೆ.

ಸೂಕ್ಷ್ಮಜೀವಿಗಳಿಗೂ ಅದೇ ದಾರಿ.

ಈ ಸೋಂಕನ್ನು ತಡೆಯುವ ಬಗೆಯಲ್ಲಿ ವೈದ್ಯಲೋಕ ಒಮ್ಮೆ ಎಡವಿದ್ದುಂಟು. 1984ರಲ್ಲಿ ಅಮೆರಿಕದ ಮೇಹಾಲ್ ಮತ್ತು ಸಂಗಡಿಗರು, ನಳಿಕೆ ಐದು ದಿನ ದಾಟಿದರೆ ಸೋಂಕು ಹೆಚ್ಚುತ್ತದೆಂದು ಕಂಡು, ಅಷ್ಟರೊಳಗೆ ತೆಗೆದು ಬೇರೆ ಜಾಗದಲ್ಲಿ ಹೊಸದನ್ನು ಹಾಕಿ ಎಂದರು. ಬೈಕಿನ ಆಯಿಲ್ ಬದಲಿಸಿದ ಹಾಗೆ. ಕೇಳಲು ಸರಿಯಾಗಿಯೇ ಇತ್ತು. ಹಾಂಗ್‌ಕಾಂಗ್‌ನ ವೈದ್ಯರು 103 ರೋಗಿಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಐದು ದಿನಕ್ಕೊಮ್ಮೆ ನಳಿಕೆ ಬದಲಿಸಿದವರಲ್ಲಿ ಸೋಂಕು ಕಡಿಮೆಯಾಗಲಿಲ್ಲ ಎಂದು 2002ರಲ್ಲಿ ವರದಿ ಮಾಡಿದರು. ಹೊಸ ನಳಿಕೆ ಎಂದರೆ ಮಿದುಳೊಳಗೆ ಇನ್ನೊಂದು ದಾರಿ ಕೊರೆದಂತೆ ತಾನೇ? ಈಗಿನ ಮಾರ್ಗಸೂಚಿಗಳು ವಾಡಿಕೆಯ ಬದಲಾವಣೆ ಬೇಡ ಎನ್ನುತ್ತವೆ.

ದಿನಾ ನಳಿಕೆಯ ಸ್ಟಾಪ್‌ಕಾಕ್ ತಿರುಗಿಸಿ ಪರೀಕ್ಷೆಗೆ ದ್ರವ ತೆಗೆಯುವ ಅಭ್ಯಾಸಕ್ಕೂ ಇದೇ ಮಾತು ಹೊಂದುತ್ತದೆ. ಸೋಂಕು ಬಂದಿದೆಯೇ ಎಂದು ನೋಡಲು ಹೋಗಿ ಸೋಂಕಿಗೆ ಬಾಗಿಲು ತೆರೆಯುವುದು ಜಾಣತನವಲ್ಲ. ಜ್ವರ ಬಂದಾಗ, ಎಚ್ಚರ ಕುಗ್ಗಿದಾಗ ತೆಗೆಯಲಿ. ಬರೀ ಚಾರ್ಟ್ ತುಂಬಿಸಲು ಬೇಡ.

ಔಷಧ ಲೇಪಿತ ನಳಿಕೆ ತಂದರೆ ಸಾಲದೇ? ಅದರಿಂದ ಲಾಭವಿದೆ. 2003ರಲ್ಲಿ ಜಬ್ರಾಮ್‌ಸ್ಕಿ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಮಿನೊಸೈಕ್ಲಿನ್, ರಿಫಾಂಪಿನ್ ಲೇಪಿಸಿದ ನಳಿಕೆಗಳಲ್ಲಿ ಸೋಂಕು ಶೇ 1.3, ಮಾಮೂಲಿ ನಳಿಕೆಗಳಲ್ಲಿ ಶೇ 9.4. ಆದರೆ ಇಂಥ ಲೇಪನದ ಮುಖ್ಯ ಗುರಿ ಚರ್ಮದ ಮೇಲೆ ಬದುಕುವ ಸ್ಟೆಫೈಲೊಕಾಕಸ್. ನಮ್ಮ ಐಸಿಯುಗಳನ್ನು ಕಾಡುವುದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಕೂಡ. ಹಲವು ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಈ ತಳಿಗಳು ಮಿದುಳಿಗೆ ಹೊಕ್ಕರೆ ಕೊಲಿಸ್ಟಿನ್‌ನಂಥ ಔಷಧವನ್ನು ಅದೇ ನಳಿಕೆಯ ಮೂಲಕ ಒಳಗೆ ಬಿಡುವ ಪರಿಸ್ಥಿತಿ ಬರುತ್ತದೆ. ಅವು ಪಕ್ಕದ ಹಾಸಿಗೆಯಿಂದ, ಮಂಚದ ಕಂಬಿಯಿಂದ ಕೈ ಹತ್ತಿ ಬರುವಂಥವು. ದುಬಾರಿ ನಳಿಕೆಯೊಂದನ್ನೇ ನಂಬಿ ಕೂರುವುದು ಆದ್ದರಿಂದ ನಮ್ಮಲ್ಲಿ ಅರ್ಧ ಪರಿಹಾರವಷ್ಟೇ. ಕೈ ತೊಳೆದು, ಸ್ಟೆರೈಲ್ ಗ್ಲೌಸ್ ತೊಟ್ಟು, ನಳಿಕೆ ಮುಟ್ಟುವ ಪ್ರತಿ ಸಲವೂ ಒಂದೇ ಕ್ರಮ ಪಾಲಿಸಲು ಹೊತ್ತು ಬೇಕು. ನಾಲ್ಕೈದು ರೋಗಿಗಳನ್ನು ಒಬ್ಬರೇ ನೋಡಿಕೊಳ್ಳುವ ನರ್ಸ್‌ಗೆ ಅದನ್ನು ಎಲ್ಲಿಂದ ತರುವುದು? ಸಿಬ್ಬಂದಿ ಕೊಡದೆ ಶಿಸ್ತಿನ ಪಾಠ ಹೇಳುವ ಆಡಳಿತ ತನ್ನ ಹೊಣೆಯನ್ನು ಅವರ ಹೆಗಲಿಗೆ ದಾಟಿಸುತ್ತಿದೆ.

ಮೂತ್ರನಳಿಕೆ, ರಕ್ತನಾಳದ ನಳಿಕೆ, ವೆಂಟಿಲೇಟರ್‌ಗಳಿಂದ ಬರುವ ಸೋಂಕಿನ ಲೆಕ್ಕವನ್ನು ಮಾನ್ಯತೆ ಪಡೆದ ಆಸ್ಪತ್ರೆಗಳು ಈಗಾಗಲೇ ಇಡುತ್ತವೆ. ಆ ಪಟ್ಟಿಗೆ ಇವಿಡಿಯೂ ಸೇರಲಿ. ಸಾವಿರ ನಳಿಕೆ-ದಿನಗಳಿಗೆ ಎಷ್ಟು ಸೋಂಕು ಎಂಬ ಅಂಕಿ ತಿಂಗಳಿಗೊಮ್ಮೆ ಐಸಿಯು ಬಾಗಿಲಿನ ಬೋರ್ಡಿಗೆ ಬರಲಿ, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಮನೆಯವರೂ ಓದುವ ಹಾಗೆ.